ವರ ಕೊಡುವವ ವಕೀಲನಾಗಬಾರದು

ಕೇಳಿದವನ ಬಾಯಿಂದ ಬಿದ್ದ ಮಾತನ್ನೇ ಹಗ್ಗ ಮಾಡಿ ಅವನ ಕೈಕಾಲು ಕಟ್ಟುವುದಕ್ಕೆ ನಮ್ಮ ಕಡೆ ಠಕ್ಕತನ ಅಂತಾರೆ. ಆದರೆ ದಾಳ ಉರುಳಿಸಿ ಕಥೆ ಆಡುವ ನಮ್ಮ ಹುಡುಗರಲ್ಲಿ ಅದಕ್ಕೇ ಈಗ ಚಪ್ಪಾಳೆ ಬೀಳುತ್ತಿದೆ. ಯಾರಾದರೂ ಆಟದಲ್ಲಿ ಒಂದು ವರ ಗಳಿಸಿದರೆ ಸಾಕು, ಅದನ್ನು ಎಷ್ಟು ಕೆಟ್ಟದಾಗಿ ತಿರುಚಿ ಕೊಟ್ಟೆ ಎಂಬುದೇ ಆಟ ನಡೆಸುವವನ ಹೆಚ್ಚುಗಾರಿಕೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ ಆಟ ಹೊರತಂದರು. ನಾಲ್ಕೈದು ಜನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯುತ್ತಾರೆ. ಒಬ್ಬ ಕತ್ತಿಯವ, ಒಬ್ಬ ಮಂತ್ರಗಾರ, ಒಬ್ಬಳು ಬೀಗ ಮುರಿಯುವವಳು. ವೇಷವಿಲ್ಲ, ಅಟ್ಟವಿಲ್ಲ, ಎಲ್ಲ ಮಾತಿನಲ್ಲೇ. ಗೆದ್ದೆಯೋ ಸೋತೆಯೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇವರೆಲ್ಲರ ನಡುವೆ ಒಬ್ಬ ಆಟ ನಡೆಸುತ್ತಾನೆ. ಅವನಿಗೆ ಪುಸ್ತಕದಲ್ಲಿ ಡಂಜನ್ ಮಾಸ್ಟರ್ ಅಂತ ಹೆಸರು. ನಾವು ಅವನನ್ನು ಭಾಗವತ ಅಂತೀವಿ. ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಬಂದ ಪಾತ್ರವನ್ನು ಮಾತಾಡಿಸುವವನೂ ಅವನೇ, ಕಥೆ ಮುಂದಕ್ಕೆ ತಳ್ಳುವವನೂ ಅವನೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪಾರಿಜಾತದ ಭಾಗವತ ಸುಳ್ಳು ಹೇಳಿದರೆ ಎದುರು ಕೂತ ಜನರಿಗೆ ಕಣ್ಣಿದೆ. ಈ ಆಟದಲ್ಲಿ ಕೂತವರಿಗೆ ಭಾಗವತನೇ ಕಣ್ಣು, ಅವನೇ ಕಿವಿ. ಬಾಗಿಲ ಆಚೆ ಏನಿದೆ ಅಂತ ಅವನು ಹೇಳಿದಷ್ಟೇ ಗೊತ್ತು. ನನ್ನ ತಕರಾರು ಪೂರ್ತಿ ನಿಂತಿರುವುದು ಇದರ ಮೇಲೆ.

ನಾನು ಪಕ್ಕದಲ್ಲಿ ಕೂತು ನೋಡಿದ ಒಂದು ಆಟದಲ್ಲಿ ಬನಹಟ್ಟಿಯ ಒಬ್ಬ ಹುಡುಗನಿಗೆ ವರ ಸಿಕ್ಕಿತು. ಹಗಲು ಪಾವರ್‌ಲೂಮ್ ಮೇಲೆ ದುಡಿಯುವವ, ಆಟದಲ್ಲಿ ಅವನದು ಕುರಿ ಕಾಯುವವನ ಪಾತ್ರ. ಮೂರು ತಿಂಗಳ ಆಟದ ನಂತರ ಸಿಕ್ಕ ವರ ಅದು. ಅವನು ಕೇಳಿದ್ದು ಚಿನ್ನವಲ್ಲ, ಕತ್ತಿಯಲ್ಲ. "ನಮ್ಮೂರ ಬಾವಿ ಎಂದೂ ಬತ್ತಬಾರದು" ಅಂದ. ಭಾಗವತ ಒಂದು ಕ್ಷಣ ಸುಮ್ಮನಿದ್ದು, "ತಥಾಸ್ತು. ಬಾವಿ ಉಕ್ಕಿತು. ನಿಲ್ಲಲಿಲ್ಲ. ಬೆಳಗಾಗೂದ್ರಾಗ ಊರು ಮುಳುಗಿತು" ಅಂದ. ಎಲ್ಲರೂ ನಕ್ಕರು. ಹುಡುಗನೂ ನಕ್ಕ, ಸ್ವಲ್ಪ ತಡವಾಗಿ. "ಹಂಗ ಯಾಕ ಅಂದಿ?" ಅಂತ ಕೇಳಿದರೆ ಭಾಗವತನ ಉತ್ತರ ತಯಾರಿತ್ತು: "ನೀನ ಕೇಳಿದ್ದಿ ಅಲ್ಲೇನಪಾ, ಎಂದೂ ಬತ್ತಬಾರದು ಅಂತ. ಬತ್ತೂದಿಲ್ಲ ಬಿಡು."

ಅದಾದ ಮೇಲೆ ಆ ಹುಡುಗ ಆಟದಲ್ಲಿ ಏನನ್ನೂ ಕೇಳುವುದಿಲ್ಲ. ದೇವರು ಎದುರು ನಿಂತರೂ "ಏನೂ ಬ್ಯಾಡ್ರಿ" ಅನ್ನುತ್ತಾನೆ.

ಊರು ಮುಳುಗುವುದು ನಮ್ಮಲ್ಲಿ ನಗೆಯ ವಿಷಯವೂ ಅಲ್ಲ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಡಿ ಹೋದ ಊರುಗಳಿವೆ. ಕೆಳಗಿನವರ ಹೊಲಕ್ಕೆ ನೀರು ಬೇಕು ಎಂಬ ಬೇಡಿಕೆಗೆ ಮೇಲಿನವರ ಊರು ಬೆಲೆಯಾಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಏರಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ನದಿದಂಡೆಯ ಮಂದಿ ದನಕರು ಹೊಡೆದುಕೊಂಡು ಓಡಿದ್ದನ್ನು ನಾವೇ ಸುದ್ದಿ ಮಾಡಿ ಕಳಿಸಿದ್ದೇವೆ. ಆದರೆ ನನ್ನ ವಾದ ಈ ಮರುಕದ ಮೇಲೆ ನಿಂತಿಲ್ಲ. ಬಾವಿಯ ಬದಲು ಬೇರೆ ಏನು ಕೇಳಿದ್ದರೂ ಆ ಭಾಗವತ ಮಾಡಿದ್ದು ಮೋಸವೇ.

ತಿರುಚುವವರು ಕೂಡಲೇ ಪುರಾಣ ಎತ್ತುತ್ತಾರೆ. ಭಸ್ಮಾಸುರನ ಕಥೆ ಗೊತ್ತಿಲ್ಲವೇ, ಹಿರಣ್ಯಕಶಿಪು ಏನಾದ, ವರ ಅಂದ ಮೇಲೆ ತಿರುಗಿ ಬಡಿಯಲೇಬೇಕು ಅಂತ. ಸರಿ, ಅದನ್ನೇ ನೋಡೋಣ.

ಭಸ್ಮಾಸುರ ಕೇಳಿದ್ದು, ತಾನು ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಬೇಕು. ಶಿವ ಕೊಟ್ಟ. ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟ. ಎಷ್ಟು ಪ್ರಾಮಾಣಿಕವಾಗಿ ಕೊಟ್ಟ ಅಂದರೆ, ಆ ವರಕ್ಕೆ ಹೆದರಿ ತಾನೇ ಓಡಬೇಕಾಯಿತು. "ನಾನು ಕೊಟ್ಟದ್ದು ನನಗೆ ಅನ್ವಯಿಸುವುದಿಲ್ಲ" ಅಂತ ಅವನು ಅಲ್ಲೇ ಒಂದು ಷರತ್ತು ಹೊಸೆಯಬಹುದಿತ್ತು, ಹೊಸೆಯಲಿಲ್ಲ. ಅಸುರ ಸತ್ತದ್ದು ಮೋಹಿನಿಯ ಜೊತೆ ಕುಣಿಯುತ್ತ ತನ್ನ ಕೈಯನ್ನು ತಾನೇ ತನ್ನ ತಲೆ ಮೇಲೆ ಇಟ್ಟುಕೊಂಡಾಗ. ವರ ಕೊನೆಯವರೆಗೂ ಕೇಳಿದ ಹಾಗೆಯೇ ಕೆಲಸ ಮಾಡಿತು.

ಹಿರಣ್ಯಕಶಿಪು ಇನ್ನೂ ಚೊಕ್ಕ ಉದಾಹರಣೆ. ಒಳಗಲ್ಲ ಹೊರಗಲ್ಲ, ಹಗಲಲ್ಲ ರಾತ್ರಿಯಲ್ಲ, ಮನುಷ್ಯನಿಂದಲ್ಲ ಪ್ರಾಣಿಯಿಂದಲ್ಲ ಅಂತ ಉದ್ದದ ಪಟ್ಟಿ ಕೊಟ್ಟವನು ಅವನೇ. ಬ್ರಹ್ಮ ಅದರಲ್ಲಿ ಒಂದಕ್ಷರ ಕಡಿಮೆ ಮಾಡಲಿಲ್ಲ, ಸೇರಿಸಲೂ ಇಲ್ಲ. ಆ ಪಟ್ಟಿಯ ಬಲದ ಮೇಲೆ ಅವನು ಮೂರು ಲೋಕ ಆಳಿದ. ಅವನನ್ನು ಕೊಲ್ಲಲು ಹೊಸ್ತಿಲು ಬೇಕಾಯಿತು, ಮುಸ್ಸಂಜೆ ಬೇಕಾಯಿತು, ಅದುವರೆಗೆ ಯಾರೂ ಕಾಣದ ಒಂದು ರೂಪ ಬೇಕಾಯಿತು. ಹಾಗೆ ಕೊಲ್ಲುವಾಗಲೂ ಪಟ್ಟಿಯ ಒಂದು ಸಾಲೂ ಮುರಿಯಲಿಲ್ಲ. ನಮ್ಮ ಭಾಗವತರು ಇದನ್ನು ತೋರಿಸಿ, ಕೊಟ್ಟ ವರವನ್ನು ಮೂರು ನಿಮಿಷದಲ್ಲಿ ಕೆಡಿಸುತ್ತಾರೆ. ಬಾವಿಯ ಹುಡುಗನಿಗೆ ಒಂದು ಕೊಡ ನೀರು ಸೇದುವಷ್ಟು ಹೊತ್ತೂ ಸಿಗಲಿಲ್ಲ.

ಪುರಾಣದಲ್ಲಿ ನಿಜವಾಗಿ ತಿರುಚಿದ ವರಗಳೂ ಇವೆ, ಇಲ್ಲ ಅನ್ನುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಋಷಿಯೊಬ್ಬನ ಮಗಳು ಶಿವನನ್ನು ಒಳ್ಳೆಯ ಗಂಡ ಬೇಕು ಅಂತ ಐದು ಸಲ ಬೇಡಿಕೊಳ್ಳುತ್ತಾಳೆ. ಐದು ಸಲ ಕೇಳಿದೆ, ಮುಂದಿನ ಜನ್ಮದಲ್ಲಿ ಐದು ಗಂಡಂದಿರು ಅನ್ನುತ್ತಾನೆ ಶಿವ. ನಾನು ಕೇಳಿದ್ದು ಒಬ್ಬನನ್ನು ಅಂತ ಅವಳು ಹೇಳಿದರೂ ನಡೆಯುವುದಿಲ್ಲ. ಅವಳೇ ಮುಂದೆ ದ್ರೌಪದಿ. ತಿರುಚುವ ಭಾಗವತರಿಗೆ ಬೇಕಾದ ಕಥೆ ಇದೇ, ಆದರೆ ಅವರು ಇದನ್ನು ಎತ್ತುವುದಿಲ್ಲ. ಎತ್ತಿದರೆ ಕೇಳುವವರ ಮನಸ್ಸು ಆ ಹುಡುಗಿಯ ಕಡೆಗೇ ಹೋಗುತ್ತದೆ. ಆತಂಕಕ್ಕೆ ಮತ್ತೆ ಮತ್ತೆ ಕೇಳಿದ್ದನ್ನು ಲೆಕ್ಕ ಹಾಕುವುದೇ ಅನಿಸುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ಐದು ಸಲ ಅರ್ಜಿ ಕೊಟ್ಟವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಇನ್ನೊಂದು ಕುಂಭಕರ್ಣನದು. ಇಂದ್ರಾಸನ ಕೇಳಹೋಗಿ ನಿದ್ರಾಸನ ಅಂದ ಎಂಬುದು ನಮ್ಮ ಜನರ ಬಾಯಲ್ಲಿರುವ ಕಥೆ. ಸರಸ್ವತಿ ನಾಲಿಗೆಯ ಮೇಲೆ ಕೂತು ಮಾತು ಹೊರಳಿಸಿದಳಂತೆ. ಇದು ಶುದ್ಧ ಮೋಸ. ಕಥೆ ಹೇಳುವವರೂ ಇದನ್ನು ಮೋಸ ಅಂತಲೇ ಹೇಳುತ್ತಾರೆ, ನ್ಯಾಯ ಅನ್ನುವುದಿಲ್ಲ. ರಾಮಾಯಣದ ಯುದ್ಧಕಾಂಡದಲ್ಲಿ ಕುಂಭಕರ್ಣನ ನಿದ್ದೆಗೆ ಕಾರಣ ಬ್ರಹ್ಮನ ಶಾಪ. ಅಲ್ಲಿ ರಾವಣ ತಮ್ಮನ ಪರವಾಗಿ ನಿಂತು ಬ್ರಹ್ಮನನ್ನೇ ಆಕ್ಷೇಪಿಸುತ್ತಾನೆ, ಸ್ವಂತ ಮರಿಮಗನಿಗೆ ಹೀಗೆ ಮಾಡಬಹುದೇ ಅಂತ. ಬ್ರಹ್ಮ ಸಡಿಲಿಸುತ್ತಾನೆ: ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ. ಲಂಕೆಯ ರಾಜನಿಗೆ ಸಿಕ್ಕ ಮೇಲ್ಮನವಿಯ ಅವಕಾಶ ಬನಹಟ್ಟಿಯ ಹುಡುಗನಿಗೆ ಸಿಗಲಿಲ್ಲ.

ಇಂಗ್ಲಿಷ್ ಓದಿದವರು ಮಂಗನ ಪಂಜದ ಕಥೆ ಹೇಳುತ್ತಾರೆ. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದದ್ದು. ಮುದುಕನೊಬ್ಬ 200 ಪೌಂಡ್ ಬೇಕು ಅಂತ ಬೇಡುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಕಂಪನಿ ಪರಿಹಾರ ಅಂತ ಕೊಟ್ಟ ಹಣ ಸರಿಯಾಗಿ 200 ಪೌಂಡ್. ಮೈ ಜುಮ್ಮೆನ್ನುವ ಕಥೆ, ನನಗೂ ಇಷ್ಟ. ಆದರೆ ಅಲ್ಲಿ ಪಂಜ ತಂದವನು ಮೊದಲೇ ಎಚ್ಚರಿಸಿದ್ದ, ಅದನ್ನು ಬೆಂಕಿಗೆ ಎಸೆದೂ ಇದ್ದ. ತೆಗೆದುಕೊಂಡವರು ತಿಳಿದೇ ತೆಗೆದುಕೊಂಡರು. ಎರಡನೆಯದು ಇನ್ನೂ ಮುಖ್ಯ. ಆ ಕಥೆಯ ಮುದುಕ ಕಾಗದದ ಮೇಲಿನವನು. ಅವನು ಮೋಸಹೋಗುವುದನ್ನು ನಾವು ದೂರ ಕೂತು ಓದುತ್ತೇವೆ. ಆಟದಲ್ಲಿ ಮೋಸಹೋಗುವವನು ನಿಮ್ಮ ಎದುರೇ ಚಹಾ ಲೋಟ ಹಿಡಿದು ಕೂತಿರುತ್ತಾನೆ. ಮೂರು ತಿಂಗಳ ವೇಳೆ ಅವನದು. ಕಥೆಯಲ್ಲಿ ಓದುಗನಿಗೆ ಕೊಡುವ ಏಟನ್ನು ಆಟದಲ್ಲಿ ಗೆಳೆಯನಿಗೆ ಕೊಟ್ಟು, ಎರಡೂ ಒಂದೇ ಅಂದರೆ ಹೇಗೆ?

ಇಷ್ಟಕ್ಕೂ ಮಾತು ಹಿಡಿದು ವರ ಕೆಡಿಸುವ ಕಲೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಈ ಬ್ಲಾಗಿನಲ್ಲಿ ಬರೆಯುವ ನಮಗೆ ಅದನ್ನು ವರದಿ ಮಾಡುವುದೇ ಉದ್ಯೋಗ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕೂತರು. ಸರಕಾರ 3,300 ಅಂದಿತು. ತಲೆಬರಹದಲ್ಲಿ 3,300 ಅಂತಲೇ ಬಂತು. ಕೆಳಗಿನ ಸಾಲಿನಲ್ಲಿ ಇದ್ದದ್ದು ಶೇ 11.25 ಸಕ್ಕರೆ ಇಳುವರಿಗೆ ಆ ದರ ಎಂಬ ಮಾತು. ಇಳುವರಿ ಕಡಿಮೆ ಬಂದ ಕಬ್ಬಿಗೆ ಆ ಅಂಕಿ ಕೈಗೆ ಬರುವುದಿಲ್ಲ. ಮುಧೋಳದ ರೈತರು ರಸ್ತೆ ಬಿಟ್ಟು ಏಳದಿದ್ದದ್ದು ಇದೇ ಕಾರಣಕ್ಕೆ. ಕೇಂದ್ರದ ಎಫ್‌ಆರ್‌ಪಿಯೂ ಹಾಗೇ. 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ, ಆದರೆ ಶೇ 10.25 ಇಳುವರಿಗೆ. ಕಟಾವು ಮತ್ತು ಸಾಗಣೆಯ ಲೆಕ್ಕ ಬೇರೆ. ಇಳುವರಿ ಎಷ್ಟು ಅಂತ ಅಳೆಯುವುದು ಕಾರ್ಖಾನೆಯ ಪ್ರಯೋಗಾಲಯ, ತೂಕ ಮಾಡುವುದು ಕಾರ್ಖಾನೆಯ ಕಾಟಾ. ದಾಳ ಉರುಳಿಸುವವನೂ ಅವನೇ, ಪರದೆ ಹಿಂದೆ ಕೂತು ಅಂಕಿ ಓದುವವನೂ ಅವನೇ.

ಇಳುವರಿಗೆ ದರ ಕಟ್ಟುವುದೇ ಅನ್ಯಾಯ ಅಂತ ನಾನು ಹೇಳುತ್ತಿಲ್ಲ, ಅದು ಬೇರೆ ಚರ್ಚೆ. ದೊಡ್ಡ ಅಕ್ಷರದಲ್ಲಿ ಕೊಟ್ಟು ಸಣ್ಣ ಅಕ್ಷರದಲ್ಲಿ ಕಿತ್ತುಕೊಂಡರೆ ಕೇಳಿದವನಿಗೆ ಹೇಗಾಗುತ್ತದೆ ಎಂಬುದು ನಮ್ಮ ಮಂದಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಹಗಲೆಲ್ಲ ಅದನ್ನೇ ಉಂಡು ರಾತ್ರಿ ಆಟಕ್ಕೆ ಕೂತರೆ ಅಲ್ಲೂ ಅದೇ ಬಡಿಸಿದ ಹಾಗಾಯಿತು.

ಕೊಡುವವನ ಮೇಲೆ ನಂಬಿಕೆ ಹೋದಾಗ ಜನ ಕೇಳುವುದನ್ನೇ ಬಿಡುತ್ತಾರೆ. ನಿಜ ಬದುಕಿನಲ್ಲಿ ಅದರಿಂದ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಇವತ್ತಿಗೂ ಇದೆ. ಆಟದಲ್ಲಿ ಹಾಗಾಗುವುದಿಲ್ಲ. ಭಾಗವತನ ಬಾಯಿಂದ ಬಾರದೆ ಅಲ್ಲಿ ಒಂದು ಕಲ್ಲೂ ಏಳುವುದಿಲ್ಲ. ಕೇಳುವುದು ನಿಂತರೆ ಆಟವೂ ನಿಂತ ಹಾಗೇ, ಬರೀ ದಾಳದ ಸದ್ದು ಉಳಿಯುತ್ತದೆ.

ಹಾಗಾದರೆ ವರಕ್ಕೆ ಬೆಲೆಯೇ ಬೇಡವೇ? ಬೇಕು, ಖಂಡಿತ ಬೇಕು. ಪುಕ್ಕಟೆ ಸಿಕ್ಕ ವರ ಸಪ್ಪೆ. ಆ ಬೆಲೆಯನ್ನು ಎಲ್ಲಿಂದ ತರುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಆಟದ ಪುಸ್ತಕವನ್ನೇ ತೆಗೆಯಿರಿ. ಐದನೇ ಆವೃತ್ತಿಯ 2014ರ ಆಟಗಾರರ ಕೈಪಿಡಿಯಲ್ಲಿ 'ವಿಶ್' ಒಂಬತ್ತನೇ ಹಂತದ ಮಂತ್ರ, ಅದರ ಮೇಲೆ ಇನ್ನೊಂದು ಹಂತವಿಲ್ಲ. ಎಂಟನೇ ಹಂತದವರೆಗಿನ ಯಾವುದೇ ಮಂತ್ರದ ಕೆಲಸವನ್ನು ಅದರಿಂದ ಮಾಡಿಸಿದರೆ ಅಪಾಯವಿಲ್ಲ. ಅದಕ್ಕಿಂತ ಆಚೆ ಹೋದರೆ ಮಂತ್ರಗಾರನ ದೇಹಬಲ ಕೆಲವು ದಿನ 3ಕ್ಕೆ ಇಳಿಯುತ್ತದೆ, ಆ ಮಂತ್ರ ಮತ್ತೆಂದೂ ಅವನ ಬಾಯಿಗೆ ಬಾರದೆ ಹೋಗುವ ಸಾಧ್ಯತೆ ಶೇ 33. ಇದು ನ್ಯಾಯವಾದ ಬೆಲೆ. ಮೊದಲೇ ಬರೆದಿದೆ, ಕೇಳುವವನಿಗೆ ಗೊತ್ತಿದೆ, ಎದೆ ಡವಗುಟ್ಟುತ್ತಲೇ ಅವನು ದಾಳ ಎತ್ತುತ್ತಾನೆ.

ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ಏನಾಗಬೇಕು ಎಂಬುದನ್ನು ಮಾತ್ರ ಪುಸ್ತಕ ಆಟ ನಡೆಸುವವನಿಗೇ ಬಿಡುತ್ತದೆ. ಎರಡು ಉದಾಹರಣೆ ಕೊಡುತ್ತದೆ. ಖಳನಾಯಕ ಸತ್ತಿರಲಿ ಅಂತ ಕೇಳಿದರೆ, ಅವನು ಸತ್ತುಹೋಗಿರುವ ಮುಂದಿನ ಕಾಲಕ್ಕೆ ನಿಮ್ಮನ್ನೇ ಎಸೆಯಬಹುದು. ಹೆಸರಾಂತ ಮಾಯಾವಸ್ತು ಬೇಕು ಅಂದರೆ, ಅದರ ಈಗಿನ ಒಡೆಯನ ಎದುರು ನಿಮ್ಮನ್ನು ನಿಲ್ಲಿಸಬಹುದು. ಪುಸ್ತಕ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನನ್ನ ಪ್ರಕಾರ ಮೊದಲನೆಯದು ಕಸ, ಎರಡನೆಯದು ಅಪ್ಪಟ ಚಿನ್ನ.

ಯಾಕೆಂದರೆ ವಸ್ತುವಿಗೆ ಒಡೆಯ ಇದ್ದೇ ಇರುತ್ತಾನೆ. ಅದು ಕೇಳಿದ ವಸ್ತುವಿನ ಒಳಗೇ ಇದ್ದ ಬೆಲೆ. ಅವನೆದುರು ನಿಂತ ಕ್ಷಣದಿಂದ ಆಟ ಹೊಸದಾಗಿ ಶುರು: ಕದಿಯಬೇಕೇ, ಬೇಡಬೇಕೇ, ಹೊಡೆದಾಡಬೇಕೇ? ಕಾಲದಲ್ಲಿ ಮುಂದಕ್ಕೆ ಎಸೆಯುವುದು ಹಾಗಲ್ಲ. ಯಾರನ್ನು ಉಳಿಸಲು ಆ ಖಳ ಸಾಯಬೇಕಿತ್ತೋ ಅವರೆಲ್ಲ ಅಷ್ಟರಲ್ಲಿ ಮಣ್ಣಾಗಿರುತ್ತಾರೆ. ಕೇಳಿದ್ದೂ ಸಿಗಲಿಲ್ಲ, ಆಡುವುದಕ್ಕೂ ಏನೂ ಉಳಿಯಲಿಲ್ಲ. ಅಲ್ಲಿ ವ್ಯಾಕರಣವೊಂದು ಗೆದ್ದಿತು, ಅಷ್ಟೇ.

ನಮ್ಮ ಊರುಗಳಲ್ಲಿ ಹೇಳುವ ಪಾರಿಜಾತದ ಕಥೆಯಲ್ಲೇ ಒಳ್ಳೆಯ ಮಾದರಿಯೊಂದು ಇದೆ. ಸತ್ಯಭಾಮೆ ಮರವನ್ನೇ ಕೇಳಿದಳು. ಕೃಷ್ಣ ಸ್ವರ್ಗದಿಂದ ತಂದು ಅವಳ ಅಂಗಳದಲ್ಲೇ ನೆಟ್ಟ. ಹೂವು ಮಾತ್ರ ಗೋಡೆ ದಾಟಿ ರುಕ್ಮಿಣಿಯ ಅಂಗಳಕ್ಕೆ ಬೀಳತೊಡಗಿತು. ಮರ ಸುಳ್ಳಲ್ಲ, ಒಣಗಲಿಲ್ಲ, ಅವಳ ಮೇಲೆ ಮುರಿದು ಬೀಳಲೂ ಇಲ್ಲ. ಕೇಳಿದ್ದರ ಹಿಂದಿದ್ದ ಹೊಟ್ಟೆಕಿಚ್ಚಿಗೆ ಸರಿಯಾಗಿ ಒಂದು ಚಿವುಟು ಬಿತ್ತು, ಕಥೆ ಮುಂದೆ ಹೋಯಿತು. ತಿರುಚುವುದಾದರೆ ಇಷ್ಟೇ ತಿರುಚಬೇಕು.

ಬಾವಿಯ ವರವನ್ನೂ ಹೀಗೆ ನಡೆಸಬಹುದಿತ್ತು. ಬಾವಿ ತುಂಬಿತು, ನೀರು ಸಿಹಿ. ಊರಿನವರು ಕುರಿಗಾಹಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಸಂತೋಷವನ್ನು ಹುಡುಗ ಒಂದು ಸಂಜೆಯಾದರೂ ಉಣ್ಣಲಿ. ಮುಂದಿನ ಬೇಸಿಗೆಗೆ ಪಕ್ಕದ ಮೂರು ಊರಿನ ಬಾವಿಗಳು ಒಣಗಿದಾಗ ಅಲ್ಲಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ಬರಲಿ. ನೀರು ಕೊಡಬೇಕೋ ಬೇಡವೋ ಅಂತ ಊರು ಎರಡಾಗಲಿ. ಗೌಡನೊಬ್ಬ ಬಾವಿಗೆ ಬೀಗ ಹಾಕಲು ನೋಡಲಿ. ಕುರಿಗಾಹಿ ಆಗ ಏನು ಮಾಡುತ್ತಾನೆ? ಆರು ವಾರಕ್ಕಾಗುವಷ್ಟು ಆಟ ಅಲ್ಲಿದೆ. ಇದು ಯೋಚಿಸಲು ಕಷ್ಟ, ಊರು ಮುಳುಗಿಸುವುದು ಸುಲಭ. ತಿರುಚುವ ಭಾಗವತರ ಮೇಲೆ ನನಗಿರುವ ಇನ್ನೊಂದು ಅನುಮಾನ ಇದೇ, ಜಾಣತನದ ಹೆಸರಿನಲ್ಲಿ ನಡೆಯುವುದು ಸೋಮಾರಿತನ.

ವರ ಕೊಡುವ ಮೊದಲು ಎರಡು ಮಾತು ಕೇಳಿದರೆ ಏನೂ ಕಳೆದುಹೋಗುವುದಿಲ್ಲ. "ಇದರಿಂದ ನಿನಗ ಏನಾಗಬೇಕಪಾ?" ಅಂತ ಒಂದು. ಹುಡುಗನ ಮನಸ್ಸಿನಲ್ಲಿರುವುದು ಗೊತ್ತಾದ ಮೇಲೆ, ಬಾಯಿ ತಪ್ಪಿದ ಶಬ್ದ ಹಿಡಿದು ಕೂರುವ ಪ್ರಶ್ನೆಯೇ ಬರುವುದಿಲ್ಲ. "ಇಷ್ಟು ದೊಡ್ಡದು ಕೇಳಿದರ ಎಲ್ಲೋ ಒಂದು ಕಡೆ ಹರೀತೈತಿ, ನೋಡು" ಅಂತ ಇನ್ನೊಂದು. ಏನು ಹರಿಯುತ್ತದೆ ಅಂತ ಹೇಳಬೇಕಿಲ್ಲ. ಹರಿಯುತ್ತದೆ ಅಂತ ತಿಳಿದ ಮೇಲೂ ಕೇಳಿದರೆ ಆ ಧೈರ್ಯ ಅವನದು, ಹಿಂದೆಗೆದರೆ ಆ ವಿವೇಕವೂ ಅವನದು. ಬೆಲೆಗೂ ಒಂದು ಅಳತೆ ಇರಲಿ. ಬಾವಿ ಕೇಳಿದವನಿಗೆ ಊರಿನಷ್ಟು, ರಾಜ್ಯ ಕೇಳಿದವನಿಗೆ ರಾಜ್ಯದಷ್ಟು.

ಕೆಡುಕು ಬಯಸುವವನೇ ವರ ಕೊಟ್ಟರೆ? ಒಪ್ಪುತ್ತೇನೆ, ಅದು ಬೇರೆ. ಆಟದಲ್ಲಿ ಈಫ್ರೀತ್ ಅಂತ ಬೆಂಕಿಯ ಜಿನ್ನಿಗಳಿವೆ. ಅಂಥದ್ದನ್ನು ಕಟ್ಟಿಹಾಕಿ ಬಲವಂತದಿಂದ ವರ ಕಸಿದರೆ ಅದು ಮಾತು ತಿರುಚದೆ ಇರುತ್ತದೆಯೇ? ತಿರುಚಲಿ. ಆದರೆ ಆಗ ತಿರುಚುವುದು ಆ ಜಿನ್ನಿ, ಭಾಗವತನಲ್ಲ. ಅದರ ದ್ವೇಷ ಅದರ ಕಣ್ಣಲ್ಲಿ ಮೊದಲೇ ಕಾಣಬೇಕು, ಅದಕ್ಕೆ ಹಿಂದೆ ಮೋಸಹೋದವರ ಸುದ್ದಿ ದಾರಿಯಲ್ಲಿ ಕಿವಿಗೆ ಬಿದ್ದಿರಬೇಕು. ತಾಯಿಯಂತೆ ಮಾತಾಡಿಸಿದ ದೇವತೆ ವರ ಕೊಡುವಾಗ ಮಾತ್ರ ಬಡ್ಡಿ ಸಾಹುಕಾರನಾದರೆ, ಹಾಗೆ ಆದದ್ದು ದೇವತೆಯಲ್ಲ, ಆಟ ನಡೆಸುವವನು.

"ಹಂಗಾದ್ರ ಹುಡುಗರು ಜಗತ್ತನ್ನ ಕೇಳ್ತಾರ, ಆಟ ಕೆಡ್ತದ" ಅನ್ನುವ ಗೆಳೆಯರಿದ್ದಾರೆ. ನಾನು ಕಂಡದ್ದು ಇದರ ತಿರುಗುಮುರುಗು. ಎಲ್ಲಿ ಭಾಗವತ ತಿರುಚುತ್ತಾನೋ ಅಲ್ಲಿ ಆಟಗಾರರು ವಕೀಲರಾಗುತ್ತಾರೆ. ಮುಧೋಳದ ಒಂದು ತಂಡದಲ್ಲಿ ಒಬ್ಬ ತನ್ನ ವರವನ್ನು ಹಾಳೆಯ ಎರಡೂ ಬದಿಗೆ ಬರೆದು ತಂದಿದ್ದ. ಸದರಿ ವರದಿಂದ ನನಗಾಗಲಿ, ನನ್ನ ವಾರಸುದಾರರಿಗಾಗಲಿ, ನನ್ನ ಕುದುರೆಗಾಗಲಿ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯ ಖರೀದಿ ಪತ್ರದ ಧಾಟಿ. ಓದಲು ಹತ್ತು ನಿಮಿಷ, ಅದರಲ್ಲಿ ತಪ್ಪು ಹುಡುಕಲು ಅರ್ಧ ತಾಸು, ಜಗಳ ಮಧ್ಯರಾತ್ರಿಯವರೆಗೆ. ಹಿರಣ್ಯಕಶಿಪುವಿನ ಪಟ್ಟಿಗಳು ಹುಟ್ಟುವುದು ಹೀಗೆ, ಅಪನಂಬಿಕೆಯಿಂದ.

ಕೇಳುವವನು ಮಾತಿನಲ್ಲಿ ಗೆದ್ದರೆ ಏನು ಮಾಡಬೇಕು ಎಂಬುದಕ್ಕೆ ಸಾವಿತ್ರಿಯ ಕಥೆ ಇದೆ. ಗಂಡನ ಪ್ರಾಣವೊಂದನ್ನು ಬಿಟ್ಟು ಏನು ಬೇಕಾದರೂ ಕೇಳು ಅಂದ ಯಮ. ಅವಳು ನೂರು ಮಕ್ಕಳನ್ನು ಕೇಳಿದಳು. ಆಗಲಿ ಅಂದ. ಗಂಡನಿಲ್ಲದೆ ಹೇಗೆ ಅಂತ ಅವಳು ತಿರುಗಿ ಕೇಳಿದಾಗ, ಅವನ ಹತ್ತಿರ ಶಬ್ದ ಹಿಡಿದು ಜಗ್ಗಾಡಲು ಬೇಕಾದಷ್ಟು ದಾರಿ ಇತ್ತು. ಲೆಕ್ಕ ಇಡುವುದೇ ಅವನ ಕೆಲಸ, ಪಕ್ಕದಲ್ಲೇ ಚಿತ್ರಗುಪ್ತ ಬೇರೆ. ಆದರೂ ಅವನು ಪಾಶ ಬಿಚ್ಚಿ ಸತ್ಯವಂತನ ಪ್ರಾಣ ಬಿಟ್ಟ, ಕೋಣ ತಿರುಗಿಸಿಕೊಂಡು ತನ್ನ ದಾರಿ ಹಿಡಿದ.